ಗ್ರಾನೈಟಿನ ಕೆಳಗಿನ ಇದ್ದಿಲು

ನನ್ನ ಮೇಲೆ ಇದ್ದಿಲು ಕದ್ದ ಆರೋಪ ಹೊರಿಸಿದ ಮನುಷ್ಯನನ್ನು ಅದನ್ನು ತುಂಬಿದ ಗುಂಡಿಯ ಅಂಚಿಗೇ ಕರೆಸಿ, ಜನರೆದುರಿಗೆ ಆ ಇದ್ದಿಲನ್ನು ತೋರಿಸಿದ ಕಥೆ ಇದು. "ಹೋಗಲಿ ಬಿಡು, ದೇವರು ನೋಡಿಕೊಳ್ಳುತ್ತಾನೆ" ಎಂದು ಆಗ ಹೇಳಿದವರು ಬಹಳ ಮಂದಿ. ದೇವರಿಗೆ ಅರ್ಥಿಂಗ್ ವಿಷಯ ಗೊತ್ತಿರಲಿಕ್ಕಿಲ್ಲ ಎಂದು ನಾನೇ ನೋಡಿಕೊಂಡೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಶಿವಮೊಗ್ಗದ ಒಂದು ಕಂಪ್ಯೂಟರ್ ಕಂಪನಿಯಲ್ಲಿ ಇಂಜಿನಿಯರ್. ಇಂಟರ್ನೆಟ್ ಎಂದರೆ ಪೇಪರಿನಲ್ಲಿ ಓದುವ ಸಂಗತಿಯಾಗಿದ್ದ ಕಾಲದಲ್ಲಿ ಅದನ್ನು ಹಳ್ಳಿಯ ಅಂಗಡಿಗೆ ಎಳೆದು ತರುವ ಕೆಲಸ ನಮ್ಮದು. ಶಿಕಾರಿಪುರದ ಒಬ್ಬ ದೊಡ್ಡ ಶುಂಠಿ ವ್ಯಾಪಾರಿ ನಮಗೆ ಸಿಕ್ಕ ಗಿರಾಕಿ. ಎಲ್ಲರೂ ಅವರನ್ನು ಯಜಮಾನರು ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಅವರ ಮುಖ್ಯ ಮಳಿಗೆ ಶಿಕಾರಿಪುರದಲ್ಲಿ, ಇನ್ನೊಂದು ಆನವಟ್ಟಿಯಲ್ಲಿ, ಮತ್ತೊಂದು ಸೊರಬದಲ್ಲಿ. ಸೊರಬದ ಅಂಗಡಿ ನಡೆಸುತ್ತಿದ್ದವರು ಅವರ ತಂಗಿ. ಆ ಊರಿಗೆ ಮದುವೆಯಾಗಿ ಬಂದು, ಗಂಡ ತೀರಿಕೊಂಡ ಮೇಲೆ ತಾವೇ ತಕ್ಕಡಿ ಹಿಡಿದವರು. ಶುಂಠಿ ತರುವ ರೈತರಿಗೆಲ್ಲ ಅವರು ಅಕ್ಕ.

ಕೆಲಸ ಹೇಳಲು ಸುಲಭ. ಬೆಳಿಗ್ಗೆ ಎಷ್ಟು ಮಾಲು ಬಂದಿದೆ, ಎಂಥದ್ದು ಎಂಬುದನ್ನು ಸೊರಬ ಮತ್ತು ಆನವಟ್ಟಿಯವರು ಕಂಪ್ಯೂಟರಿನಲ್ಲಿ ಬರೆದು, ಮೋಡೆಮ್ ಮೂಲಕ ಶಿಕಾರಿಪುರದ ಕಂಪ್ಯೂಟರಿಗೆ ಕಳಿಸಬೇಕು. ಶಿಕಾರಿಪುರದ್ದು ಎಲ್ಲವನ್ನೂ ಕೂಡಿಸಿ ಶಿವಮೊಗ್ಗಕ್ಕೆ ಫೋನ್ ಹಚ್ಚಬೇಕು. ಅಲ್ಲಿಂದ ಅದು ಇ-ಮೇಲ್ ಆಗಿ ಕೊಚ್ಚಿಯ, ಮುಂಬಯಿಯ ಖರೀದಿದಾರರಿಗೆ ಹೋಗಬೇಕು. ಅವರು ಕೊಡುವ ದರ ಬಂದ ದಾರಿಯಲ್ಲೇ ತಿರುಗಿ ಮಧ್ಯಾಹ್ನದ ಊಟದ ಹೊತ್ತಿಗೆ ಮೂರೂ ಅಂಗಡಿ ತಲುಪಬೇಕು. ಅಲ್ಲಿಯವರೆಗೆ ರೈತರು ಗಾಡಿ ನಿಲ್ಲಿಸಿಕೊಂಡು ಕಾಯುತ್ತಾರೆ. ಹಸಿ ಶುಂಠಿಗೆ ಮಾತ್ರ ಅಷ್ಟು ತಾಳ್ಮೆ ಇರುವುದಿಲ್ಲ.

ಮಾಡಲು ಹೋದಾಗ ಗೊತ್ತಾಯಿತು. ಫೋನಿನ ತಂತಿ ಕಂಬದಿಂದ ಕಂಬಕ್ಕೆ ಜೋತುಬಿದ್ದುಕೊಂಡು ಬರುವ ಕಾಲ. ಗಾಳಿ ಎದ್ದರೆ ಲೈನು ಗೊರಗೊರ ಅನ್ನುತ್ತಿತ್ತು. ಎರಡು ಮೋಡೆಮ್‌ಗಳು ಶಿಳ್ಳೆ ಹಾಕಿ ಪರಿಚಯ ಮಾಡಿಕೊಳ್ಳುವಷ್ಟರಲ್ಲಿ ಸಂಪರ್ಕ ಕಡಿದುಹೋಗುತ್ತಿತ್ತು. ವೇಗ ಇಳಿಸಿದೆ. ಕಡಿದರೆ ಮೊದಲಿನಿಂದ ಶುರು ಮಾಡದೆ ನಿಂತಲ್ಲಿಂದಲೇ ಮುಂದುವರಿಯುವ ಹಾಗೆ ಪ್ರೋಗ್ರಾಮ್ ತಿದ್ದಿದೆ. ಆನವಟ್ಟಿಯಲ್ಲಿ ಅದೇ ಲೈನಿಗೆ ಹಿಂದಿನ ಕೋಣೆಯಲ್ಲಿ ಇನ್ನೊಂದು ಫೋನಿತ್ತು. ಮೋಡೆಮ್ ಕೆಲಸದಲ್ಲಿದ್ದಾಗಲೇ ಅಲ್ಲಿನ ಗುಮಾಸ್ತರು ಅದನ್ನೆತ್ತಿ, "ಯಾರೋ ಶಿಳ್ಳಿ ಹೊಡಿತಾರ್ರೀ, ಚೆಂದಾಗಿ ಬೈದು ಇಟ್ಟೆ" ಎಂದು ನನಗೇ ವರದಿ ಒಪ್ಪಿಸುತ್ತಿದ್ದರು. ಮೋಡೆಮ್ ಕೂರಿಸುವುದಕ್ಕಿಂತ ಆ ಫೋನನ್ನು ತೆಗೆಸುವುದೇ ದೊಡ್ಡ ಕೆಲಸವಾಯಿತು.

ಸೊರಬದ ತೊಂದರೆ ಬೇರೆ. ಯುಗಾದಿ ಕಳೆದ ಮೇಲೆ ಅಲ್ಲಿ ಗುಡುಗು ಸಿಡಿಲಿನ ರಾಜ್ಯ. ಸಿಡಿಲು ಎಲ್ಲೋ ದೂರದಲ್ಲಿ ಬಿದ್ದರೂ ಅದರ ಹೊಡೆತ ಫೋನ್ ತಂತಿ ಹಿಡಿದು ಅಂಗಡಿಯೊಳಗೆ ಬರುತ್ತದೆ. ಮೋಡೆಮ್‌ಗೆ ತಾಗುವ ಮೊದಲೇ ಅದನ್ನು ತಡೆದು ಭೂಮಿಗೆ ಇಳಿಸಲಿಕ್ಕೆ ಅರೆಸ್ಟರ್ ಎಂಬ ಸಣ್ಣ ಡಬ್ಬಿ ಹಾಕುತ್ತೇವೆ. ಆದರೆ ಇಳಿಸಿಕೊಳ್ಳಲು ಭೂಮಿ ಒಪ್ಪಬೇಕು. ಅಂಗಡಿ ಇದ್ದದ್ದು ಜಂಬಿಟ್ಟಿಗೆ ನೆಲದ ಮೇಲೆ. ಬೇಸಿಗೆಯಲ್ಲಿ ಅದು ಒಣಗಿ ಕಲ್ಲಾಗುತ್ತದೆ, ಒಣ ನೆಲ ವಿದ್ಯುತ್ತನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಆಳು ಮುಳುಗುವಷ್ಟು ಗುಂಡಿ ತೋಡಿ, ತಾಮ್ರದ ತಗಡು ಇಳಿಸಿ, ಸುತ್ತಲೂ ಒಂದು ಪದರ ಇದ್ದಿಲು ಒಂದು ಪದರ ಉಪ್ಪು ತುಂಬಿ, ಅದನ್ನು ಯಾವಾಗಲೂ ತೇವವಾಗಿ ಇಡಬೇಕು. ಅರ್ಥಿಂಗ್ ಎಂದರೆ ಇದೇ.

ತೇವವಾಗಿ ಇಡುವವರು ಯಾರು? "ದಿನಾ ಒಂದು ಕೊಡ ನೀರು ಹಾಕಿ" ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ, ನಾಲ್ಕು ದಿನ ಹಾಕುತ್ತಾರೆ, ಆಮೇಲೆ ಮರೆಯುತ್ತಾರೆ. ಸೊರಬದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬಾಗಿಲ ಪಕ್ಕದಲ್ಲಿದ್ದ ಕಾಲು ತೊಳೆಯುವ ಕಲ್ಲು. ಶುಂಠಿ ಹೊಲದ ಕೆಂಪು ಮಣ್ಣು ಮೆತ್ತಿಕೊಂಡು ಬಂದವರು ಯಾರೇ ಆಗಲಿ, ಅಲ್ಲಿಟ್ಟಿದ್ದ ಹಂಡೆಯಿಂದ ನೀರು ಮೊಗೆದು ಕಾಲಿಗೆ ಹಾಕಿಕೊಳ್ಳದೆ ಅಕ್ಕನ ಹೊಸ್ತಿಲು ದಾಟುವ ಹಾಗಿರಲಿಲ್ಲ. ಚಂದ್ರಗುತ್ತಿ ಕಡೆಯಿಂದ ಬಿಸಿಲಲ್ಲಿ ಬಂದವರಿಗೂ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ನೀರು ಬೆಲ್ಲ, ಆಮೇಲೆ ಮಾತು. ದಿನವಿಡೀ ಆ ಕಲ್ಲು ಒದ್ದೆಯಾಗಿರುತ್ತಿತ್ತು. ಗುಂಡಿಯನ್ನು ಅದರ ಬುಡದಲ್ಲೇ ತೋಡಿಸಿದೆ.

"ಕೊಳೆ ನೀರು ಹೋಗೋ ಜಾಗದಲ್ಲಿ ತಾಮ್ರ ಹುಗೀತೀರಲ್ಲ ಮಾರಾಯ್ರೇ, ಬೇರೆ ಜಾಗ ಸಿಕ್ಲಿಲ್ವಾ?" ಎಂದರು ಅಕ್ಕ.

"ಇದಕ್ಕೆ ಇದೇ ಗಂಗೆ ಅಕ್ಕ. ಈ ಹಂಡೆ ಮಾತ್ರ ಇಲ್ಲಿಂದ ಕದಲಿಸಬೇಡಿ."

ಕೆಲಸ ಮುಗಿದ ದಿನ ನಮ್ಮ ಕಂಪನಿಯ ಟೆಕ್ನಿಕಲ್ ಮ್ಯಾನೇಜರ್ ಪರೀಕ್ಷೆಗೆ ಬಂದರು. ಅರ್ಥ್ ಟೆಸ್ಟರ್ ಎಂಬುದು ಕೈಯಲ್ಲಿ ತಿರುಗಿಸುವ ಹಿಡಿ ಇರುವ ಪೆಟ್ಟಿಗೆ. ದೂರದಲ್ಲಿ ನೆಲಕ್ಕೆ ಎರಡು ಗೂಟ ಹೊಡೆದು, ತಂತಿ ಕಟ್ಟಿ, ಹಿಡಿ ತಿರುಗಿಸಿದರೆ ಮುಳ್ಳು ಏಳುತ್ತದೆ. ಸೊನ್ನೆಯ ಹತ್ತಿರ ನಿಂತರೆ ಭೂಮಿ ಒಪ್ಪಿದೆ ಎಂದರ್ಥ, ದೂರ ಹೋದರೆ ಇಲ್ಲ. ಅವತ್ತು ಮುಳ್ಳು ಸೊನ್ನೆಯ ಪಕ್ಕದಲ್ಲೇ ಕೂತಿತ್ತು. ಮ್ಯಾನೇಜರ್ ಬಗ್ಗಿ ನೋಡಿ "ಗುಡ್" ಎಂದದ್ದು ನನಗೆ ಚೆನ್ನಾಗಿ ನೆನಪಿದೆ. ಮುಂದಿನದ್ದನ್ನೆಲ್ಲ ಅವರು ಗೊತ್ತಿದ್ದೇ ಆಡಿದರು ಎಂದು ನಾನು ಹೇಳುವುದು ಈ ಒಂದು ಮಾತಿನ ಬಲದ ಮೇಲೆ.

ನಂತರ ಉದ್ಘಾಟನೆಯ ಗದ್ದಲ. ಕೊಚ್ಚಿಯ ಖರೀದಿದಾರರು ಬರುತ್ತಾರೆ, ವಿಡಿಯೋ ತೆಗೆಸುತ್ತೇವೆ ಎಂದು ಮ್ಯಾನೇಜರ್ ಯಜಮಾನರಿಗೆ ಹೇಳಿದರು. ಸೊರಬದ ಅಂಗಡಿಯ ಮುಂದಿನ ಕೆಸರು, ಹಂಡೆ, ಪಾಚಿ ಹಿಡಿದ ಕಲ್ಲು ಅವರಿಗೆ ನಾಚಿಕೆ ತಂದವು. ಯಜಮಾನರು ಹುರುಪಿನ ಮನುಷ್ಯ. ಅಂಗಳಕ್ಕೆಲ್ಲ ಕರಿ ಗ್ರಾನೈಟ್ ಹಾಸಿಸಿಬಿಟ್ಟರು. ಹಂಡೆ ಹಿತ್ತಿಲಿಗೆ ಹೋಯಿತು, ಕಟ್ಟಡದ ಪಕ್ಕಕ್ಕೆ ಒಂದು ನಲ್ಲಿ ಬಂತು. ನಾನು ಆನವಟ್ಟಿಯ ಕೆಲಸ ಮುಗಿಸಿ ಬರುವಷ್ಟರಲ್ಲಿ ಗುಂಡಿಯ ಬಾಯಿಗೆ ಸಿಮೆಂಟು ಬಿದ್ದು ಮೇಲೆ ಕಲ್ಲು ಕೂತಿತ್ತು.

ಮ್ಯಾನೇಜರ್ ಅಂಗಳದಲ್ಲೇ ಇದ್ದರು. ಮುಚ್ಚಿದರೆ ಗುಂಡಿ ಒಣಗುತ್ತದೆ, ಒಂದು ಕಲ್ಲನ್ನಾದರೂ ತೆಗೆಸಿ ನೀರಿಗೆ ದಾರಿ ಬಿಡಿ ಎಂದು ಹೇಳಿದೆ. ಅವರು ಯಜಮಾನರ ಕಡೆ ತಿರುಗಿ, "ರೈತರು ಕಾಲು ತೊಳೆದ ನೀರಲ್ಲಿ ಇಂಟರ್ನೆಟ್ ನಡೀತದಂತೆ ಸರ್, ನಮ್ಮ ಇಂಜಿನಿಯರ್ ಹೇಳ್ತಾರೆ" ಎಂದರು. ಅಲ್ಲಿದ್ದವರೆಲ್ಲ ನಕ್ಕರು. ಯಜಮಾನರೂ ನಕ್ಕರು. ಅಕ್ಕ ನಗಲಿಲ್ಲ, ಅವರ ಸಿಟ್ಟು ಬೇರೆಯದು. ಬಂದವರು ಪಕ್ಕದ ನಲ್ಲಿಯವರೆಗೆ ಸುತ್ತಿ ಹೋಗದೆ ಮಣ್ಣುಗಾಲಲ್ಲೇ ಒಳಗೆ ನುಗ್ಗುತ್ತಿದ್ದರು.

ಬೇಸಿಗೆಯ ಮೊದಲ ಗುಡುಗಿಗೇ ಸೊರಬದ ಮೋಡೆಮ್ ಸುಟ್ಟಿತು, ಅದರ ಹಿಂದೆ ಕಂಪ್ಯೂಟರೂ ಸುಟ್ಟಿತು. ಅವತ್ತು ಕೊಚ್ಚಿಗೆ ದೊಡ್ಡ ಲೋಡು ಕಳಿಸುವುದಾಗಿ ಯಜಮಾನರು ಮಾತು ಕೊಟ್ಟಿದ್ದರು. ಸೊರಬದ ಲೆಕ್ಕ ಬರಲಿಲ್ಲ, ಲಾರಿ ಅರ್ಧ ತುಂಬಿಕೊಂಡು ನಿಂತಿತು, ಖರೀದಿದಾರರು ಬೇರೆ ಕಡೆ ಹೋದರು. ಮಾತಿಗೆ ತಪ್ಪಿದವರು ಅನ್ನಿಸಿಕೊಂಡದ್ದು ಯಜಮಾನರಿಗೆ ಚುಚ್ಚಿತು. ಮರುದಿನ ನಮ್ಮನ್ನು ಶಿಕಾರಿಪುರದ ಮಳಿಗೆಗೆ ಕರೆಸಿದರು. ಗಾದಿಯ ಮೇಲೆ ಅವರು, ಸುತ್ತ ಗುಮಾಸ್ತರು, ಆನವಟ್ಟಿಯಿಂದ ಬಂದಿದ್ದ ಒಬ್ಬ ರೈಸ್‌ಮಿಲ್ಲಿನ ಸಾಹುಕಾರರು, ಬಾಗಿಲಲ್ಲಿ ಹಮಾಲರು.

"ಅರ್ಥಿಂಗ್ ಸರಿ ಬಿದ್ದಿಲ್ಲ ಸರ್" ಎಂದರು ಮ್ಯಾನೇಜರ್. "ಗುಂಡಿಗೆ ಎಷ್ಟು ಇದ್ದಿಲು, ಎಷ್ಟು ಉಪ್ಪು ಹೋಗಬೇಕು ಅಂತ ಲೆಕ್ಕ ಇದೆ. ನಾವೇನೋ ಪೂರ್ತಿ ಕೊಟ್ಟು ಕಳಿಸಿದ್ವಿ. ಗುಂಡಿಗೆ ಎಷ್ಟು ಬಿತ್ತೋ ಹಾಕಿದವರೇ ಹೇಳಬೇಕು."

"ಮುಳ್ಳು ಎಲ್ಲಿ ನಿಂತಿತ್ತು ಅಂತ ನೀವೇ ನೋಡಿದ್ದೀರಿ" ಎಂದೆ.

"ನಾನು ಬಂದಾಗ ನೀವು ಟೆಸ್ಟ್ ಮುಗಿಸಿಬಿಟ್ಟಿದ್ರಿ."

ನಾನು ಗ್ರಾನೈಟಿನ ಮಾತೆತ್ತಿದೆ. ಅದನ್ನು ಹಾಕಿಸಿದವರೇ ಎದುರಿಗೆ ಕೂತಿದ್ದರು, ಅವರ ಮುಖ ಇನ್ನಷ್ಟು ಬಿಗಿಯಿತು. ಮ್ಯಾನೇಜರ್ ಮೆಲ್ಲಗೆ, ಬುದ್ಧಿ ಹೇಳುವವರ ದನಿಯಲ್ಲಿ, "ಉಪ್ಪು ತಿಂದವನು ನೀರು ಕುಡೀಲೇಬೇಕಪ್ಪ. ಯಜಮಾನ್ರಿಗೆ ಒಂದು ಮಾತು ತಪ್ಪಾಯ್ತು ಅನ್ನು, ಮುಗೀತದೆ" ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು. ತಪ್ಪಾಯ್ತು ಅನ್ನಲಿಲ್ಲ. ಅಲ್ಲಿಂದ ನೇರವಾಗಿ ಶಿವಮೊಗ್ಗಕ್ಕೆ ಬಂದು ರಾಜೀನಾಮೆ ಕೊಟ್ಟೆ.

ಸ್ವತಂತ್ರವಾಗಿ ಕೆಲಸ ಮಾಡುವುದೆಂದು ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಎಸ್‌ಟಿಡಿ ಬೂತಿನ ಮೇಲಿನ ಕೋಣೆ ಹಿಡಿದೆ. ಶಿವಮೊಗ್ಗದಲ್ಲಿ ಇರಬಹುದಿತ್ತು. ಆದರೆ ಎಲ್ಲಿ ಹೆಸರು ಕೆಟ್ಟಿತೋ ಅಲ್ಲೇ ಕೂರಬೇಕೆಂಬ ಹಟ. 'ನೆಟ್‌ವರ್ಕ್ ಸಲಹೆಗಾರ' ಎಂದು ಕಾರ್ಡು ಮಾಡಿಸಿದೆ. ಒಂದು ಅಂಗಡಿಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಸಲಹೆ ಕೊಡಾಕ ನಮ್ಮ ಭಾವ ಅದಾನ್ರಿ, ಅವಂಗ ಕಾರ್ಡೂ ಬೇಕಾಗಿಲ್ಲ" ಎಂದರು. ಅದಕ್ಕೆ ನಾನೂ ನಕ್ಕೆ. ನಗಲಾಗದ ಮಾತು ಆನವಟ್ಟಿಯಲ್ಲಿ ಕಾದಿತ್ತು. ಅವತ್ತು ಗಾದಿಯ ಪಕ್ಕ ಕೂತಿದ್ದ ಮಿಲ್ಲಿನ ಸಾಹುಕಾರರು ತಮ್ಮ ಕೆಲಸದವರೆಲ್ಲ ಕೇಳುವಂತೆ, "ನಮ್ಮಲ್ಲೂ ಒಂದು ಗುಂಡಿ ತೋಡೋದೈತ್ರಿ. ಆದ್ರ ಇದ್ದಿಲು ನಾವ ತಂದು ನಾವ ಹಾಕ್ತೀವಿ, ನೀವು ದೂರ ನಿಂತು ಸಲಹೆ ಕೊಡ್ರಿ" ಎಂದರು. ಸುದ್ದಿ ನನಗಿಂತ ಮೊದಲು ಬಸ್ಸು ಹತ್ತಿ ಎಲ್ಲ ಕಡೆ ಹೋಗಿತ್ತು. ಸಂಬಳ ಬಿಟ್ಟು ಬಂದವನಿಗೆ ಇರುವ ಬಂಡವಾಳ ಹೆಸರೊಂದೇ, ಅದಕ್ಕೇ ಮಸಿ ಹತ್ತಿತ್ತು. ಮಲಗಿದರೂ ಎದ್ದರೂ ಮ್ಯಾನೇಜರ್ ಮುಖವೇ ಕಣ್ಣ ಮುಂದೆ. ಆ ಮುಖ ಸಪ್ಪಗಾಗುವುದನ್ನು ನೋಡದೆ ನನ್ನ ಜೀವಕ್ಕೆ ಸಮಾಧಾನವಿರಲಿಲ್ಲ.

ಸೊರಬದಲ್ಲಿ ಕಂಪನಿಯವರು ಹೊಸ ಮೋಡೆಮ್, ಹೊಸ ಕಂಪ್ಯೂಟರ್ ಕೂರಿಸಿದರು. ಗುಂಡಿ ಮಾತ್ರ ಹಾಗೇ ಇತ್ತು. ಮುಂದಿನ ಗುಡುಗಿಗೆ ಅವೂ ಸುಟ್ಟವು. ಅಕ್ಕ ಬೂತಿಗೆ ಫೋನ್ ಮಾಡಿ ನನ್ನನ್ನು ಕರೆಸಿದರು.

"ಮತ್ತೆ ಸುಟ್ಟಿತು ಮಾರಾಯ್ರೇ. ಈಗಲೂ ನಿಮ್ಮ ಗುಂಡಿದೇ ತಪ್ಪು ಅಂತಿದ್ದಾರೆ. ಒಂದ್ಸಲ ಬಂದು ಹೋಗ್ತೀರಾ?"

ಅಷ್ಟು ಹೊತ್ತಿಗೆ ನಾನು ಸ್ವಂತಕ್ಕೊಂದು ಟೆಸ್ಟರ್ ಕೊಂಡಿದ್ದೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ಆನವಟ್ಟಿ ಮೇಲಿನ ಬಸ್ಸಿನಲ್ಲಿ ಸೊರಬಕ್ಕೆ ಹೋದೆ. ಗೂಟ ಹೊಡೆದು ಹಿಡಿ ತಿರುಗಿಸಿದರೆ ಮುಳ್ಳು ಹಾರಿ ಕೊನೆಗೆ ಹೋಗಿ ಬಡಿಯಿತು. ಸುಟ್ಟ ಮೋಡೆಮ್ ಪಕ್ಕದಲ್ಲಿಟ್ಟುಕೊಂಡು ಹಿಗ್ಗಿದ ಇಂಜಿನಿಯರ್ ನಾನೊಬ್ಬನೇ ಇರಬೇಕು.

"ಕಲ್ಲು ಕಿತ್ತು ನೀರು ಹೊಯ್ದರೆ ಸರಿ ಆಗ್ತದಾ?" ಎಂದು ಕೇಳಿದರು ಅಕ್ಕ.

"ಆಗ್ತದೆ. ಆದರೆ ಈಗ ಬೇಡ ಅಕ್ಕ. ನಾವಿಬ್ಬರೇ ತೆಗೆದರೆ, ಇದ್ದಿಲು ಈಗ ತಂದು ಸುರಿದರು ಅಂತಾರೆ. ಮ್ಯಾನೇಜರ್ 'ಇಲ್ಲ' ಅಂದ ಇದ್ದಿಲನ್ನು ಮ್ಯಾನೇಜರೇ ನಿಂತು ನೋಡಬೇಕು."

ಅಕ್ಕ ಗ್ರಾನೈಟಿನ ಮೇಲಿನ ಮಣ್ಣಿನ ಹೆಜ್ಜೆಗಳನ್ನು ನೋಡಿದರು. "ನನ್ನ ಅಂಗಡಿ ಮುಂದೆ ನಿಂತು ಕೊಚ್ಚೆ ಅಂದಿದ್ದ ಅವನು" ಎಂದರು. "ಅಣ್ಣಂಗೆ ನಾನು ಹೇಳ್ತೀನಿ."

ಹೇಳಿದ್ದು ಹೀಗೆ: ಗುಂಡಿ ತೆಗೆದು ನೋಡುವವರೆಗೆ ಸೊರಬದಲ್ಲಿ ಕಂಪ್ಯೂಟರ್ ಹಚ್ಚುವುದಿಲ್ಲ, ಲೆಕ್ಕವೆಲ್ಲ ಮೊದಲಿನ ಹಾಗೆ ಫೋನಿನಲ್ಲೇ. ನನಗಿದ್ದ ಹೆದರಿಕೆ ಒಂದೇ. ಮುಂಗಾರು ಹಿಡಿದರೆ ನೆಲ ಬದಿಯಿಂದ ನೆನೆದು ಮುಳ್ಳು ತಾನಾಗಿ ಇಳಿಯುತ್ತದೆ. ಆಗ ಮ್ಯಾನೇಜರ್ ಮೂರನೆಯ ಮೋಡೆಮ್ ಕೂರಿಸಿ, ಸರಿ ಮಾಡಿದೆ ಎಂದು ಹೆಸರು ತೆಗೆದುಕೊಂಡು ಹೋಗುತ್ತಾರೆ. ಇದ್ದಿಲಿನ ಕಳ್ಳ ನಾನೇ ಆಗಿ ಉಳಿಯುತ್ತೇನೆ. ಬೆಳಿಗ್ಗೆ ಎದ್ದವನು ಮೊದಲು ಪಡುವಣ ಆಕಾಶ ನೋಡುತ್ತಿದ್ದೆ. ನಾಡೆಲ್ಲ ಮಳೆ ಬರಲಿ ಎಂದು ಬೇಡುವಾಗ ನಾನೊಬ್ಬ ಬೇಡ ಅನ್ನುತ್ತಿದ್ದೆ.

ಯಜಮಾನರು ನನಗೆ ಹೇಳಿ ಕಳಿಸಿದರು. ಈ ಸಲ ಗಾದಿಯ ಸುತ್ತ ಯಾರೂ ಇರಲಿಲ್ಲ.

"ಕೂಡ್ರಿ. ನಮ್ಮ ತಂಗಿ ಹಟ ನಿಮಗ ಗೊತ್ತಾಗೈತಿ. ನೋಡ್ರಿ, ಆದದ್ದು ಆತು. ಕಲ್ಲು ಕೀಳೋದು ಬ್ಯಾಡ. ಸಿಡ್ಲಿನ ಕಾಟ, ಯಾರ ತಪ್ಪೂ ಅಲ್ಲ ಅಂತ ನಾಕು ಮಂದಿ ಮುಂದ ನೀವ ಹೇಳಿಬಿಡ್ರಿ. ಆ ಕಂಪನಿಯೋರ್ನ ನಾ ಬಿಡ್ತೀನಿ. ಮೂರೂ ಅಂಗಡಿ ಕೆಲಸ ಇನ್ನ ನಿಮಗ."

"ನನ್ನನ್ನು ಕಳ್ಳ ಅಂದದ್ದು?"

"ಕಳ್ಳ ಅಂತ ಯಾರಂದ್ರು? ಇದ್ದಿಲು ಕಮ್ಮಿ ಬಿದ್ದೈತಿ ಅಂದ್ರು."

"ಕಮ್ಮಿ ಬಿದ್ದ ಇದ್ದಿಲು ಎಲ್ಲಿಗೆ ಹೋಯ್ತು ಯಜಮಾನ್ರೇ?"

ಅವರು ಊಟ ಮಾಡಿ ಯೋಚಿಸಿ ಬರಲು ಹೇಳಿದರು. ಕೆರೆ ಏರಿಯ ಮೇಲೆ ಹೋಗಿ ಕೂತೆ. ಮೂರು ಅಂಗಡಿಯ ಕೆಲಸ ಎಂದರೆ ನನ್ನಂಥ ಹೊಸಬನಿಗೆ ವರ್ಷಗಟ್ಟಲೆ ಅನ್ನ. ಮ್ಯಾನೇಜರೂ ತೊಲಗುತ್ತಾರೆ. ಒಂದು ಸಣ್ಣ ಸುಳ್ಳು ಸಾಕು. ಸಲಹೆಗಾರ ಮಾರುವುದು ತನ್ನ ಮಾತನ್ನು, ಮೊದಲ ದಿನವೇ ಸುಳ್ಳು ಮಾಲು ಮಾರಿದರೆ ಮುಂದೆ ಏನು ಮಾರುವುದು ಎಂದು ನನಗೆ ನಾನೇ ಹೇಳಿಕೊಂಡೆ. ಈ ತರ್ಕ ಕೇಳಲು ಚೆಂದ, ಆಮೇಲೆ ಬಹಳ ಜನರಿಗೆ ಇದನ್ನೇ ಹೇಳಿದ್ದೇನೆ. ನಿಜ ಬೇರೆ. ಮ್ಯಾನೇಜರ್ ಸದ್ದಿಲ್ಲದೆ ತಪ್ಪಿಸಿಕೊಂಡು ಹೋಗುವುದು ನನಗೆ ಬೇಡವಾಗಿತ್ತು. ನಾಲ್ಕು ಜನರ ಮುಂದೆ ನನ್ನನ್ನು ನಿಲ್ಲಿಸಿದ ಹಾಗೆ ಅವರನ್ನೂ ನಿಲ್ಲಿಸಬೇಕಿತ್ತು.

ಹಿಂದಿರುಗಿ ಹೋಗಿ, "ಗುಂಡಿ ತೆಗೆಸಿ ಯಜಮಾನ್ರೇ" ಎಂದೆ. ಅವರು ಆಗಲಿ ಎಂದದ್ದು ನನ್ನ ಮೇಲಿನ ಪ್ರೀತಿಯಿಂದಲ್ಲ. ಅಣ್ಣ ತೆಗೆಸದಿದ್ದರೆ ತಾನೇ ಸುತ್ತಿಗೆ ಹಿಡಿಯುತ್ತೇನೆ, ಅಂಗಡಿ ತನ್ನ ಹೆಸರಿನಲ್ಲಿದೆ ಎಂದು ಅಕ್ಕ ಆಗಲೇ ಹೇಳಿ ಆಗಿತ್ತು.

ಗೊತ್ತು ಮಾಡಿದ ದಿನ ಚಂದ್ರಗುತ್ತಿ ದಿಕ್ಕಿನಲ್ಲಿ ಮೋಡ ಕಟ್ಟಿತ್ತು. ಹಿಂದಿನ ಸಾಲು ಕೀಳದೆ ನೆಲದಲ್ಲೇ ಉಳಿಸಿದ್ದ ಹಳೆ ಶುಂಠಿ ತಂದ ರೈತರು ಅಂಗಳದ ತುಂಬ ಇದ್ದರು. ಅವರು ಇರುವ ದಿನವನ್ನೇ ಅಕ್ಕ ಆರಿಸಿದ್ದರು. ಯಜಮಾನರ ಕಾರಿನಲ್ಲೇ ಮ್ಯಾನೇಜರ್ ಬಂದಿಳಿದರು. ನನ್ನನ್ನು ನೋಡಿ, "ಏನಪ್ಪ, ಹೇಗಿದೆ ಸಲಹೆ ವ್ಯಾಪಾರ?" ಎಂದರು. ನಾನು ಟೆಸ್ಟರನ್ನು ಅವರ ಮುಂದಿಟ್ಟು, "ನೀವೇ ತಿರುಗಿಸಿ ಸರ್. ಹೋದ ಸಲ ತಡವಾಗಿ ಬಂದಿದ್ರಿ ಅಂದ್ರಲ್ಲ" ಎಂದೆ.

ತಿರುಗಿಸಿದರು. ಮುಳ್ಳು ಕೊನೆಗೆ ಹೋಗಿ ನಿಂತಿತು. "ನೋಡಿ ಸರ್, ನಾನು ಹೇಳಿದ್ದೇ. ಗುಂಡಿಯಲ್ಲಿ ಏನೂ ಇಲ್ಲ" ಎಂದು ಅವರು ಯಜಮಾನರಿಗೆ ತೋರಿಸಿದರು. ಆ ಮಾತು ಅವರ ಬಾಯಿಂದ ಬರಲೆಂದೇ ನಾನು ಟೆಸ್ಟರ್ ಕೊಟ್ಟದ್ದು. ಗಾರೆಯವನಿಗೆ ಕಣ್ಸನ್ನೆ ಮಾಡಿದೆ.

ಕಲ್ಲು ಎದ್ದಿತು, ಸಿಮೆಂಟು ಒಡೆಯಿತು, ಹಾರೆ ಒಳಗೆ ಹೋಯಿತು. ಮೇಲಿನ ಮಣ್ಣು ತೆಗೆಯುತ್ತಿದ್ದಂತೆ ಕರ್ರಗೆ ಇದ್ದಿಲು ಕಂಡಿತು, ಗುಂಡಿಯ ಅಗಲಕ್ಕೂ ಇತ್ತು. ಅದರ ಕೆಳಗೆ ಉಪ್ಪು ಒಣಗಿ ಬಿಳಿ ಹಕ್ಕಳೆಯಾಗಿತ್ತು. ಮತ್ತೆ ಇದ್ದಿಲು. ಎಲ್ಲೂ ಒಂದು ಹನಿ ತೇವವಿಲ್ಲ. ಒಬ್ಬ ರೈತ ಬಗ್ಗಿ ಒಂದು ತುಂಡೆತ್ತಿ ಮುರಿದು, "ಒಣಗಿ ಗರಿಗರಿ ಆಗಿದೆ. ಈಗಲೇ ಒಲೆಗೆ ಹಾಕಬಹುದು" ಎಂದು ಪಕ್ಕದವರಿಗೆ ದಾಟಿಸಿದ. ಅದು ಕೈಯಿಂದ ಕೈಗೆ ಹೋಯಿತು. ನಾನು ಉಪ್ಪಿನ ಹೆಂಟೆಯೊಂದನ್ನು ಮ್ಯಾನೇಜರ್ ಅಂಗೈಯಲ್ಲಿಟ್ಟೆ.

"ಉಪ್ಪು ಹೌದೋ ಅಲ್ಲವೋ ನೋಡಿ ಹೇಳಿ ಸರ್."

ಅವರು ಯಜಮಾನರನ್ನು ನೋಡಿದರು. ಯಜಮಾನರು ಗುಂಡಿಯನ್ನು ನೋಡುತ್ತಿದ್ದರು. ಕೊನೆಗೆ ಮ್ಯಾನೇಜರ್ ಅದನ್ನು ನಾಲಗೆಯ ತುದಿಗೆ ತಾಗಿಸಿ, ಹೌದು ಎಂಬಂತೆ ತಲೆಯಾಡಿಸಿದರು.

ಆಗ ಅಕ್ಕ ಬಂದರು. ಹಿತ್ತಿಲಿನಿಂದ ಹಂಡೆ ತರಿಸಿ ಗುಂಡಿಯ ಅಂಚಿನಲ್ಲಿ ಇಡಿಸಿದ್ದರು. ತುಂಬಿದ ಚೊಂಬನ್ನು ಮ್ಯಾನೇಜರಿಗೆ ಚಾಚಿ, "ಕಾಫಿ ಆಗಿದೆ, ಒಳಗೆ ಬನ್ನಿ ಸರ್. ಮೊದಲು ಕಾಲು ತೊಳ್ಕೊಳ್ಳಿ" ಎಂದರು.

"ಪರವಾಗಿಲ್ಲ ಅಮ್ಮ, ಶೂ ಇದೆ."

"ಬಿಚ್ಚಿ. ಇಲ್ಲಿ ಹಾಗೆ ಯಾರೂ ಒಳಗೆ ಬರೋದಿಲ್ಲ."

ಕೊಟ್ಟ ನೀರನ್ನು ಬೇಡ ಅನ್ನಲು ಬರುವುದಿಲ್ಲ, ಅದೂ ಯಜಮಾನರ ತಂಗಿಯ ಕೈಯಿಂದ. ಮ್ಯಾನೇಜರ್ ಜಗಲಿಯ ಅಂಚಿಗೆ ಕೂತು ಲೇಸು ಬಿಚ್ಚಿದರು. ಒಂದು ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಬಂದಿತ್ತು. ರೈತರು ನೋಡುತ್ತಿದ್ದರು. ಪ್ಯಾಂಟು ಮಡಚಿ, ಗುಂಡಿಯ ಬಾಯಲ್ಲಿ ನಿಂತು, ಒಂದೊಂದೇ ಕಾಲಿಗೆ ನೀರು ಹಾಕಿಕೊಂಡರು. ಅದು ಇದ್ದಿಲಿನ ಮೇಲೆ ಬಿದ್ದು ಚುಂಯ್ ಎಂದು ಇಂಗಿತು. ಅವರ ನಂತರ ರೈತರು ಸಾಲಾಗಿ ಬಂದು ತೊಳೆದರು, ಬಾವಿಯಿಂದ ಕೊಡಗಳೂ ಬಂದವು.

ಅಲ್ಲಿಗೆ ಬಿಡಬಹುದಿತ್ತು. ನಾನು ಬಿಡಲಿಲ್ಲ. ಮಧ್ಯಾಹ್ನ ಕಳೆದು ನೀರು ತಳಕ್ಕೆ ಇಳಿಯುವವರೆಗೆ ಅವರನ್ನು ಅಲ್ಲೇ ಕೂರಿಸಿಕೊಂಡು, ಮತ್ತೆ ಹಿಡಿಯನ್ನು ಅವರ ಕೈಗೇ ಕೊಟ್ಟೆ. ಮುಳ್ಳು ಏಳಲು ನೋಡಿ, ಸೋತು, ಸೊನ್ನೆಯ ಕಡೆಗೆ ಬಂದು ಕೂತಿತು.

"ಓದಿ ಸರ್, ಎಲ್ಲರಿಗೂ ಕೇಳೋ ಹಾಗೆ."

ಅವರು ಇಂಗ್ಲಿಷಿನಲ್ಲಿ ಏನೋ ಗೊಣಗಿದರು. "ಕನ್ನಡದಲ್ಲಿ ಹೇಳಿ, ನಮಗೂ ತಿಳೀಲಿ" ಎಂದರು ಅಕ್ಕ.

"ಸರಿ ಇದೆ."

"ಏನು ಸರಿ ಇದೆ?" ಎಂದೆ ನಾನು.

"ಅರ್ಥಿಂಗ್ ಸರಿ ಇದೆ."

"ಯಾರು ಹಾಕಿದ್ದು ಸರ್?"

"ನೀವು" ಎಂದರು. ಮುಖ ಸಪ್ಪಗಾಗಿತ್ತು. ನಾನು ಕಾದಿದ್ದ ಮುಖ ಅದೇ, ಕಣ್ತುಂಬ ನೋಡಿದೆ. ಅವರು ಶೂಗಳನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ಕಾರಿನಲ್ಲಿ ಕೂತರು.

ಯಜಮಾನರು ಈಗ ಎದ್ದರು. ಚಪ್ಪಲಿ ಬಿಟ್ಟು, ತಾವೇ ಹಂಡೆಯಿಂದ ನೀರು ಮೊಗೆದು, ಗುಂಡಿಯ ಅಂಚಿನಲ್ಲಿ ಕಾಲು ತೊಳೆದುಕೊಂಡರು. ಆಮೇಲೆ ರೈತರ ಕಡೆ ತಿರುಗಿ, "ಇದ್ದಿಲೂ ಐತಿ, ಉಪ್ಪೂ ಐತಿ. ಇವರ ಮ್ಯಾಲೆ ಬಂದ ಮಾತು ಸುಳ್ಳು. ಅದನ್ನ ನಂಬಿದ್ದು, ಈ ಕಲ್ಲು ಹಾಕ್ಸಿದ್ದು ನನ್ನ ತಪ್ಪು. ಕೇಳಿದವರು ನಾಕು ಮಂದಿಗೆ ಹೇಳ್ರಿ" ಎಂದರು. ಆನವಟ್ಟಿ ಕಡೆಯವರೂ ಆ ಗುಂಪಿನಲ್ಲಿದ್ದರು.

ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ಕೆಲಸ ಮಾತ್ರ ನಿಮಗ ಕೊಡಂಗಿಲ್ಲ. ಕಲ್ಲು ತೆಗಿಸಿದ್ದಕ್ಕಲ್ಲ. ಇದ್ದಿಲು ಕಂಡ ಮ್ಯಾಲೂ ನೀವು ಆ ಮನುಷ್ಯನ್ನ ಬಿಡಲಿಲ್ಲ. ನಾಳೆ ನಮ್ಮ ಗುಮಾಸ್ತ ತಪ್ಪು ಮಾಡಿದ್ರ ಅವಂಗೂ ಹಿಂಗ ಮಾಡ್ತೀರಿ."

"ತಪ್ಪು ಮಾಡಿದರೆ ಮಾಡೋದಿಲ್ಲ ಯಜಮಾನ್ರೇ. ಸುಳ್ಳು ಹೇಳಿದರೆ ಮಾಡ್ತೀನಿ."

"ವ್ಯಾಪಾರದಾಗ ಎರಡಕ್ಕೂ ಬಾಳ ಫರಕಿಲ್ರಿ" ಎಂದು ಸಣ್ಣಗೆ ನಕ್ಕು, ಕೈಮುಗಿದು ಹೋದರು. ಕಾರು ಆನವಟ್ಟಿ ರಸ್ತೆಗೆ ತಿರುಗಿತು.

ತಮ್ಮ ಅಂಗಡಿಗೆ ಅಣ್ಣನ ಹಂಗಿಲ್ಲದೆ ನೇರವಾಗಿ ಶಿವಮೊಗ್ಗಕ್ಕೆ ಲೈನು ಮಾಡಿಕೊಡಿ ಎಂದು ಅಕ್ಕ ಅಲ್ಲೇ ಕೇಳಿದರು. ಅದೊಂದೇ ಅಂಗಡಿ ನನ್ನ ಮೊದಲ ಗಿರಾಕಿ. ಶಿಕಾರಿಪುರ, ಆನವಟ್ಟಿಯ ಕೆಲಸ ದಾವಣಗೆರೆಯ ಯಾರಿಗೋ ಹೋಯಿತು. ಆ ಮಳೆಗಾಲ ಪೂರ್ತಿ ನಾನು ಅರೆಹೊಟ್ಟೆಯಲ್ಲಿ ಕಳೆದೆ. ಮ್ಯಾನೇಜರಿಗೆ ಹೀಗೆ ಮಾಡಬಾರದಿತ್ತು ಎಂದು ಹಿತೈಷಿಗಳು ಈಗಲೂ ಹೇಳುತ್ತಾರೆ, ಹೌದೌದು ಎಂದು ತಲೆಯಾಡಿಸುತ್ತೇನೆ. ಆಮೇಲೆ ಒಬ್ಬನೇ ಇದ್ದಾಗ, ಆ ಹೆಬ್ಬೆರಳು ನೆನಪಾಗಿ, ಇನ್ನೊಂದು ಸಲ ಸಂತೋಷಪಡುತ್ತೇನೆ.